ಹಂಡೆಗೆ ಬಿದ್ದ ಹರಳು

ಆಗ ನಮ್ಮ ಶಾಲೆಯಲ್ಲಿ ವಿಜ್ಞಾನಕ್ಕೂ ಸಾರಿಗೂ ನಡುವೆ ಒಂದೇ ಗೋಡೆ ಇತ್ತು. ಗೋಡೆಯ ಆಚೆ ಮಾದೇವಕ್ಕನ ಬಿಸಿಯೂಟದ ಅಡುಗೆಕೋಣೆ, ಈಚೆ ಪ್ರಯೋಗಾಲಯ. ಪ್ರಯೋಗಾಲಯ ಎಂದರೆ ದೊಡ್ಡದೇನಲ್ಲ, ಒಂದು ಮೇಜು, ಒಂದು ಕಪಾಟು, ಮೂಲೆಯಲ್ಲಿ ಮಳೆನೀರು ತಾಗದಂತೆ ಒಟ್ಟಿದ ಅಕ್ಕಿಚೀಲಗಳು. ಸ್ಪಿರಿಟ್ ದೀಪದ ವಾಸನೆಯೂ ಬೇಳೆ ಬೇಯುವ ವಾಸನೆಯೂ ಕಲೆತು, ರಸಾಯನಶಾಸ್ತ್ರ ಎಂದರೆ ನನಗೆ ಇವತ್ತಿಗೂ ಮೊದಲು ಹಸಿವಾಗುತ್ತದೆ.

ಧಾರೇಶ್ವರದ ಈಚೆಗೆ, ಹೊಳೆದಂಡೆಗೆ ಹತ್ತಿರವಿದ್ದ ಶಾಲೆ ಅದು. ನಾನು ಒಂಬತ್ತನೆಯ ತರಗತಿ, ತಂಗಿ ಶೈಲಾ ಐದನೆಯದು. ಅಪ್ಪ ತದಡಿಯಲ್ಲಿ ಬೋಟಿಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಬೋಟು ದಡಕ್ಕೆ ಬಿದ್ದಿರುತ್ತಿತ್ತು, ಅಪ್ಪ ಮನೆಯಲ್ಲಿ ಬಲೆ ಹೆಣೆಯುತ್ತ ನಮ್ಮ ಮೇಲೆ ಕಣ್ಣಿಟ್ಟಿರುತ್ತಿದ್ದರು. ಹಾಗಾಗಿ ನಮಗೆ ಶಾಲೆಯೇ ವಾಸಿ.

ಆ ವರ್ಷ ಕುಮಟೆಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ವಿಜ್ಞಾನ ಕಲಿಸುವ ಸುಲೋಚನಾ ಅಕ್ಕೋರು ನನ್ನನ್ನು ಕರೆದು, "ನಾವು ದ್ವಿಲವಣ ಮಾಡುವಾ. ಎರಡು ಉಪ್ಪು ಸೇರಿ ಒಂದೇ ಹರಳಾಗಿ ಕೂತ್ಕೊಳ್ತದೆ. ನೋಡೂಕೆ ಚಂದ" ಎಂದರು. ಪೊಟ್ಯಾಸಿಯಂ ಸಲ್ಫೇಟನ್ನೂ ಅಲ್ಯೂಮಿನಿಯಂ ಸಲ್ಫೇಟನ್ನೂ ಬಿಸಿನೀರಿನಲ್ಲಿ ಕರಗಿಸಿ ಒಂದು, ಮೈಲುತುತ್ತಕ್ಕೆ ಅಮೋನಿಯಂ ಸಲ್ಫೇಟ್ ಬೆರೆಸಿ ಇನ್ನೊಂದು. ತಣಿದಾಗ ತಳದಲ್ಲಿ ಕೂತ ಸಣ್ಣ ಹರಳುಗಳಲ್ಲಿ ನೆಟ್ಟಗಿದ್ದ ಒಂದೊಂದನ್ನು ಆರಿಸಿ, ದಾರಕ್ಕೆ ಕಟ್ಟಿ, ಉಪ್ಪಿನಕಾಯಿಯ ಎರಡು ಖಾಲಿ ಬಾಟಲಿಗಳಲ್ಲಿ ಅದೇ ದ್ರಾವಣ ತುಂಬಿ ತೂಗಿಬಿಟ್ಟೆವು. "ಅಲುಗಾಡಿಸಬೇಡ, ಮುಟ್ಟಬೇಡ, ದಿನಕ್ಕೆ ಹತ್ತು ಸಲ ನೋಡಬೇಡ" ಎಂದರು ಅಕ್ಕೋರು. ನಾನು ಹನ್ನೊಂದು ಸಲ ನೋಡುತ್ತಿದ್ದೆ.

ಮಳೆಗಾಲದ ಹಸಿಗಾಳಿಗೆ ನೀರು ಆರುವುದೇ ಇಲ್ಲ. ಆದರೂ ತಿಂಗಳೊಪ್ಪತ್ತಿನಲ್ಲಿ ಒಂದು ಹರಳು ನೆಲ್ಲಿಕಾಯಿಯಷ್ಟಾಯಿತು, ಎಂಟು ಮುಖ, ನೀರಿನಷ್ಟೇ ತಿಳಿ. ಇನ್ನೊಂದು ಸ್ವಲ್ಪ ಸಣ್ಣದು, ಆದರೆ ಅದರ ನೀಲಿ! ಮಳೆ ಬಿಟ್ಟ ದಿನದ ಆಕಾಶಕ್ಕೂ ಆ ನೀಲಿ ಇರುತ್ತಿರಲಿಲ್ಲ.

ಅಕ್ಕೋರು ಹೇಳಿದ್ದರು: "ಎರಡಕ್ಕೂ ಹೆಸರು ಬರ್ದು ಅಂಟಿಸು. ನೀಲಿಯದ್ರ ಮೇಲೆ ಕೆಂಪು ಶಾಯಿಯಲ್ಲಿ ವಿಷ ಅಂತ ಬರಿ." ಅಷ್ಟು ಚಂದದ ವಸ್ತುವಿನ ಮೇಲೆ ವಿಷ ಎಂದು ಬರೆಯಲು ನನಗೆ ಮನಸ್ಸಾಗಲಿಲ್ಲ. ಅಮೋನಿಯಂ, ಅಲ್ಯೂಮಿನಿಯಂ ಎಂಬ ಉದ್ದುದ್ದ ಹೆಸರುಗಳು ಚೀಟಿಯಲ್ಲಿ ಹಿಡಿಸಲೂ ಇಲ್ಲ. ಪುಸ್ತಕದಲ್ಲಿ ಹರಳಿಗೆ ಸ್ಫಟಿಕ ಎಂದಿತ್ತಲ್ಲ, ಒಂದಕ್ಕೆ ‘ಸ್ಫಟಿಕ ೧’, ಇನ್ನೊಂದಕ್ಕೆ ‘ಸ್ಫಟಿಕ ೨’ ಎಂದು ದುಂಡಗೆ ಬರೆದು ಅಂಟಿಸಿದೆ. ನಮ್ಮ ಕಡೆ ಕಲಕಿದ ಬಾವಿನೀರು ತಿಳಿಯಾಗಲಿ ಎಂದು ಕೊಡಕ್ಕೆ ಹಾಕಿ ತಿರುಗಿಸುವ ಕಲ್ಲಿಗೂ ಸ್ಫಟಿಕ ಎನ್ನುತ್ತಾರೆ, ಬಾಯಲ್ಲಿ ಪಟಿಕ. ನನ್ನ ಹರಳುಗಳಲ್ಲಿ ಮೊದಲನೆಯದು ಅದೇ ಕಲ್ಲು. ಎರಡನೆಯದು ತುತ್ತ. ಚೀಟಿ ನೋಡಿದವರು ಎರಡನ್ನೂ ಪಟಿಕ ಎಂದೇ ತಿಳಿದಾರು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅದೊಂದು ವಾರ ಮಳೆ ಎಡೆಬಿಡದೆ ಹೊಡೆದು ಶಾಲೆಯ ಬಾವಿನೀರು ಚಹಾದಂತೆ ಕೆಂಪಾಗಿತ್ತು. ಆದರೆ ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಡುಗೆಕೋಣೆಯ ಹಂಡೆಯಿಂದ ಲೋಟಕ್ಕೆ ತುಂಬಿದ ನೀರು ಎಂದಿಗಿಂತ ತಿಳಿ. ಅನ್ನ, ಸೌತೆಕಾಯಿ ಸಾರು ಉಂಡು ಎರಡು ಲೋಟ ಕುಡಿದೆ. ಕೈತೊಳೆದು, ಹನ್ನೊಂದನೆಯ ಸಲ ನೋಡೋಣ ಎಂದು ಪ್ರಯೋಗಾಲಯಕ್ಕೆ ಹೋದರೆ, ಎರಡೂ ಬಾಟಲಿಗಳು ತೊಳೆದು ಕಿಟಕಿಯಲ್ಲಿ ಬೋರಲು ಬಿದ್ದಿವೆ. ಹರಳು ಎರಡೂ ಇಲ್ಲ. ಕಿಟಕಿಯಲ್ಲಿ ಎರಡು ಒದ್ದೆ ದಾರ.

ಆಗ ಊಟದಲ್ಲಿ ಕುಡಿದ ತಿಳಿನೀರು ನೆನಪಾಯಿತು. ಅಡುಗೆಕೋಣೆಗೆ ಬಾಗಿಲು ಹಾಕಿತ್ತು, ಮಾದೇವಕ್ಕ ಪಾತ್ರೆ ತೊಳೆದು ಮನೆಗೆ ಹೋಗಿದ್ದಳು. ಶೈಲಾಳ ತರಗತಿಗೆ ಓಡಿದೆ. ಅವಳು ಬೆಂಚಿನ ಮೇಲೆ ಹೊಟ್ಟೆ ಹಿಡಿದು ಮಲಗಿದ್ದಳು.

"ಎಂತ ಆತೇ?"

"ಹೊಟ್ಟೆ ನೋಯ್ತದೆ ಅಕ್ಕಾ."

"ನೀರು ಕುಡ್ದಿಯಾ?"

"ಮೂರು ಲೋಟ."

ಅಕ್ಕೋರ ಹತ್ತಿರ ಹೇಗೆ ಹೋದೆನೋ, ಏನು ಹೇಳಿದೆನೋ. ಅವರು ಬೈಯಲಿಲ್ಲ. ಅವರ ಮುಖ ಬಿಳಿಚಿಕೊಂಡಿತು, ಅದು ಬೈಗುಳಕ್ಕಿಂತ ಹೆಚ್ಚು ಹೆದರಿಸಿತು. ಯಾರೂ ಹಂಡೆಯ ನೀರು ಮುಟ್ಟಬಾರದು ಎಂದು ಹೆಡ್‌ಮಾಸ್ತರರಿಗೆ ಹೇಳಿ, ಶೈಲಾಳನ್ನು ಅವರ ಬಳಿ ಕೂರಿಸಿ, ನನ್ನ ರಟ್ಟೆ ಹಿಡಿದುಕೊಂಡು ಮಾದೇವಕ್ಕನ ಮನೆಗೆ ನಡೆದರು. ಒಂದೇ ಕೊಡೆ, ಕಾಲಿಡುವಷ್ಟೇ ಅಗಲದ ಗದ್ದೆಯ ಹಾಳಿ, ಪಾದ ಮುಳುಗುವ ಕೆಸರು. ದಾರಿಯಲ್ಲಿ ನಾನು ಅಳುತ್ತ ಹೇಳಿಬಿಟ್ಟೆ: "ನಾನು ವಿಷ ಅಂತ ಬರೀಲಿಲ್ಲ ಅಕ್ಕೋರೆ. ಎರಡಕ್ಕೂ ಸ್ಫಟಿಕ ಅಂತ ಬರ್ದೆ."

 ಅವರು ಇನ್ನೂ ಜೋರಾಗಿ ನಡೆದರು.

ಮಾದೇವಕ್ಕ ಜಗಲಿಯ ತುದಿಯಲ್ಲಿ ಕೂತು ಒಣಸೀಗಡಿಯ ತಲೆ ಮುರಿಯುತ್ತಿದ್ದಳು. "ಅಯ್ಯ, ಅಕ್ಕೋರು ಬಂದ್ರಲೆ. ಬನ್ನಿ, ಬನ್ನಿ" ಎಂದು ಎದ್ದಳು.

"ಮಾದೇವಿ, ಬಾಟಲಿಯಲ್ಲಿದ್ದ ಕಲ್ಲು ಹಂಡೆಗೆ ಹಾಕಿದ್ಯಾ?"

"ಹೌದು. ಪಟಿಕ ಮುಗ್ದೋಗಿತ್ತು, ನೀರು ರಾಡಿ. ಇದೊಂದು ಚಲೋದು ಕಂಡ್ತು."

"ನೀಲಿಯದು? ನೀಲಿಯದೂ ಹಾಕಿದ್ಯಾ?"

ಮಾದೇವಕ್ಕ ನಮ್ಮಿಬ್ಬರನ್ನೂ ನೋಡಿದಳು, ನಮಗೆ ಬುದ್ಧಿ ನೆಟ್ಟಗಿದೆಯೇ ಎಂಬಂತೆ. "ಅದು ತುತ್ತ ಅಲ್ದಾ? ನಮ್ಮನೆಯವ್ರು ವರ್ಷ ವರ್ಷಾನೂ ಭಟ್ಟರ ಅಡಿಕೆ ತೋಟಕ್ಕೆ ತುತ್ತದ ಮದ್ದು ಹೊಡೂಕೆ ಹೋಗ್ತ್ರು. ತುತ್ತ ನಂಗೆ ಗೊತ್ತಿಲ್ವಾ?" ಹೊರಗೋಡೆಯ ಮೊಳೆಗೆ ಕಟ್ಟಿದ್ದ ಪ್ಲಾಸ್ಟಿಕ್ ಕೊಟ್ಟೆಯನ್ನು ಬಿಚ್ಚಿ ಕೊಟ್ಟಳು. ಒಳಗೆ ನನ್ನ ನೀಲಿ ಹರಳು, ಒಂದು ಮುಖವೂ ಮುಕ್ಕಾಗದೆ. "ಅಕ್ಕಿ ಇಡೂ ಕೋಣೆಯಲ್ಲಿ ತುತ್ತ ಇಡ್ತ್ರಾ ಯಾರಾದ್ರೂ? ಅದ್ಕೇ ನೀರು ಚೆಲ್ಲಿ, ಬಾಟ್ಲಿ ತೊಳ್ದು, ಇದನ್ನ ಮಕ್ಕಳ ಕೈಗೆ ಸಿಕ್ಕೂದು ಬೇಡ ಅಂತ ತಂದೆ. ನಾಳೆ ನಿಮ್ಗೇ ಕೊಡೂವ ಅಂತಿದ್ದೆ."

ಅಕ್ಕೋರು ಜಗಲಿಯ ಮೇಲೆ ಹಾಗೇ ಕುಳಿತುಬಿಟ್ಟರು. "ಬಿಳಿಯದು ಪಟಿಕವೇ ಅಂತ ಹೇಗೆ ಗೊತ್ತಾಯ್ತು? ಚೀಟಿ ಓದಿದ್ಯಾ?"

"ನಂಗೆ ಓದೂಕೆ ಎಲ್ಲಿ ಬರ್ತದೆ ಅಕ್ಕೋರೆ? ನಾಲಿಗೆಗೆ ಮುಟ್ಸಿ ನೋಡ್ದೆ. ಒಗರಿತ್ತು. ಆಮೇಲೆ ಒಂದು ಲೋಟ ನೀರು ನಾನೇ ಕುಡ್ದೆ. ಮಕ್ಕಳಿಗೆ ಕೊಡೂದಲ್ವಾ?"

ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ನಾನು ದುಂಡಗೆ ಬರೆದ ಚೀಟಿಯನ್ನು ಅವಳು ಓದಿಯೇ ಇರಲಿಲ್ಲ. ಅಂಥ ಸಂತೋಷ ನನಗೆ ಪರೀಕ್ಷೆ ಪಾಸಾದಾಗಲೂ ಆಗಿಲ್ಲ.

ತಿರುಗಿ ಬಂದಾಗ ಶೈಲಾ ಹೆಡ್‌ಮಾಸ್ತರರ ಕುರ್ಚಿಯಲ್ಲಿ ಕೂತು ಕಾಲಾಡಿಸುತ್ತಿದ್ದಳು. ಬೆಳಿಗ್ಗೆ ಉಪ್ಪುಖಾರ ಹಚ್ಚಿ ಒಂಬತ್ತು ಅಂಬಟೆಕಾಯಿ ತಿಂದದ್ದನ್ನು ಅಷ್ಟರಲ್ಲಿ ಒಪ್ಪಿಕೊಂಡಿದ್ದಳಂತೆ. ಕುಮಟೆಗೆ ನೀಲಿ ಹರಳೊಂದನ್ನೇ ಒಯ್ದೆವು. ಅದರ ಮೇಲೆ ನನ್ನದೇ ಅಕ್ಷರದಲ್ಲಿ ವಿಷ ಎಂದಿತ್ತು, ಕೆಂಪು ಶಾಯಿಯಲ್ಲಿ. ಬಹುಮಾನ ಬರಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ.

ಈಗ ನಾನೇ ಭಟ್ಕಳದ ಒಂದು ಶಾಲೆಯಲ್ಲಿ ಅಕ್ಕೋರು. ನಮ್ಮ ಪ್ರಯೋಗಾಲಯಕ್ಕೆ ಬೀಗವಿದೆ, ಅಕ್ಕಿಗೆ ಬೇರೆ ಕೋಣೆಯಿದೆ, ಪ್ರತಿ ಬಾಟಲಿಗೂ ಅಚ್ಚಾದ ಚೀಟಿಯಿದೆ. ಇದೆಲ್ಲ ಹೀಗೇ ಇರಬೇಕು, ನಾನೇ ಹಟ ಹಿಡಿದು ಮಾಡಿಸಿದ್ದು. ಮಕ್ಕಳ ನೀರಿಗೆ ಯಂತ್ರ ಬಂದಿದೆ, ಅದರ ಮೇಲೆ ಹಸಿರು ದೀಪ ಉರಿಯುತ್ತಿರುತ್ತದೆ. ಮಾದೇವಕ್ಕ ತೀರಿಕೊಂಡು ಮೂರು ಮಳೆಗಾಲವಾಯಿತು. ಊಟದ ಹೊತ್ತಿಗೆ ಮಕ್ಕಳು ನಲ್ಲಿಯ ಮುಂದೆ ಸಾಲಾಗಿ ನಿಂತಾಗ ನಾನು ಮೊದಲು ಹೋಗಿ ಒಂದು ಲೋಟ ಹಿಡಿದು ಕುಡಿಯುತ್ತೇನೆ. ಅಕ್ಕೋರಿಗೆ ಬಾಯಾರಿಕೆ ಜಾಸ್ತಿ ಎಂದು ಮಕ್ಕಳು ನಗುತ್ತಾರೆ.