ತೂಕಕ್ಕೆಂದು ಬೋಟು ಹತ್ತಿದ ದಿನ

ಇದು ಎರಡು ವರ್ಷದ ಹಿಂದೆ, ಸಂಕ್ರಾಂತಿ ಮುಗಿದ ವಾರ ನಡೆದದ್ದು. ಹೈದರಾಬಾದಿನ ಜೀಡಿಮೆಟ್ಲಾದಲ್ಲಿ ಫೈಬರ್ ಸಾಮಾನು ಮಾಡುವ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ನನ್ನ ಕೆಲಸ. ನೀರಿನ ಟ್ಯಾಂಕು, ಕಾವಲುಗಾರರ ಗೂಡು, ಆಗೊಮ್ಮೆ ಈಗೊಮ್ಮೆ ಬೋಟು. ಸಮುದ್ರದಿಂದ ಇಷ್ಟು ದೂರ ಕೂತು ಬೋಟು ಮಾಡುವುದೇನು ಎಂದು ನಗಬೇಡಿ, ಕೆರೆಯ ವಿಹಾರಕ್ಕೂ ಬೋಟು ಬೇಕಲ್ಲ. ನಾನಂತೂ ಹುಮನಾಬಾದಿನವಳು. ಐವತ್ತರ ಹತ್ತಿರ ಬಂದರೂ ಸಮುದ್ರ ಕಂಡವಳಲ್ಲ.

ಕುಷಾಯಿಗೂಡದ ಮನೆಯಲ್ಲಿ ನಾನೊಬ್ಬಳೇ. ಯಜಮಾನರು ತೀರಿಕೊಂಡು ಆಗ ಮೂರು ವರ್ಷವಾಗಿತ್ತು, ಮಕ್ಕಳಿಲ್ಲ. ಆಫೀಸಿನಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ. ಕನ್ನಡ ಬಾಯಿಗೆ ಬರುತ್ತಿದ್ದದ್ದು ಉಕ್ಕಿದ ಹಾಲಿಗೆ ಬೈಯುವಾಗ ಮಾತ್ರ. ಗೋಳು ಹೇಳಿಕೊಳ್ಳುತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಆ ದಿನ ಮಾಲೀಕರು ನನ್ನನ್ನು ಕರೆದು, ಕರ್ನಾಟಕದ ಕರಾವಳಿಯಿಂದ ಒಬ್ಬ ಗಿರಾಕಿ ಬಂದಿದ್ದಾರೆ, ಹಿಂದಿ ಸರಿಯಾಗಿ ಬಾರದು, ನೀವು ಜೊತೆಗಿರಿ ಎಂದರು. ಗಂಗೊಳ್ಳಿ ಕಡೆಯ ಮೀನುಗಾರರು, ಹೆಸರು ಶೀನಣ್ಣ. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ನಮ್ಮ ಬೋಟಿನ ಚಿತ್ರವನ್ನು ಫೋನಿನಲ್ಲಿ ನೋಡಿ ಬಂದಿದ್ದರು. ಅವರ ಊರಿನವರೆಲ್ಲ ಸೇರಿ ಸಣ್ಣದೊಂದು ಸ್ಪೀಡ್ ಬೋಟು ಕೊಳ್ಳುವವರಿದ್ದರು. ಮೀನು ಹಿಡಿಯಲಿಕ್ಕಲ್ಲ. ದೂರದ ಕಡಲಿನಲ್ಲಿರುವ ದೋಣಿಯಲ್ಲಿ ಯಾರಿಗಾದರೂ ಏಟಾದರೆ, ಎದೆನೋವು ಬಂದರೆ, ಎಂಥ ಅಲೆಯಿದ್ದರೂ ಓಡಿಹೋಗಿ ಕರೆತರಲು. ಹಿಂದಿನ ವರ್ಷ ಅವರ ಸ್ವಂತ ತಮ್ಮ ಹಾಗೆ ಎದೆನೋವು ಬಂದು, ನಿಧಾನದ ದೋಣಿಯಲ್ಲಿ ಐದು ತಾಸು ನರಳಿ, ದಡ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರಂತೆ.

ನಮ್ಮ ಅಂಗಳದಲ್ಲಿ ಎರಡು ಬೋಟು ಇದ್ದವು. ಒಂದು ಚಪ್ಪಟೆ ತಳದ್ದು. ಯಾವುದೋ ರೆಸಾರ್ಟಿನವರು ಮಾಡಿಸಿ, ಆಮೇಲೆ ಬೇಡವೆಂದು ಬಿಟ್ಟದ್ದು. ನೋಡಲು ಚೆಂದ, ಓಟವೂ ಜೋರು. ಇನ್ನೊಂದರ ತಳ ನೇಗಿಲಿನ ಹಾಗೆ ಚೂಪಾಗಿ ಕೆಳಗಿಳಿದಿತ್ತು. ಅದರ ವೇಗ ಕಡಿಮೆ, ಪೆಟ್ರೋಲು ಜಾಸ್ತಿ. ಅದನ್ನು ಮಾರಾಟಕ್ಕಲ್ಲ, ಮಾದರಿಗೆ ಮಾಡಿಟ್ಟದ್ದರಿಂದ ಹೊಸದು ಬೇಕೆಂದರೆ ಮೂರು ತಿಂಗಳು ಕಾಯಬೇಕು. ಮಾಲೀಕರಿಗೆ ಮೊದಲನೆಯದನ್ನು ಸಾಗಹಾಕುವ ಆತುರ. ಇದು ಸಮುದ್ರಕ್ಕೂ ನಡೆಯುತ್ತದೆ ಎಂದು ಹೇಳಿ ಎಂದರು. ಟ್ಯಾಂಕಿನ ಗ್ಯಾರಂಟಿ ಹೇಳಿದಷ್ಟೇ ಸಲೀಸಾಗಿ ನಾನು ಹೇಳಿಬಿಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಶೀನಣ್ಣ ಎರಡೂ ಬೋಟಿನ ತಳವನ್ನು ಕೈಯಿಂದ ಸವರಿ ನೋಡಿದರು. ಎರಡನ್ನೂ ನೀರಿಗಿಳಿಸಿ ನೋಡಬೇಕು, ಒಳಗೆ ಆರು ಜನರ ತೂಕ ಇರಬೇಕು ಎಂದರು. ಬೋಟುಗಳನ್ನು ಶಾಮೀರ್‌ಪೇಟ ಕಡೆಯ ಒಂದು ಕೆರೆಗೆ ಒಯ್ದೆವು. ಕೆಲಸದವರು ನಾಲ್ವರು, ಶೀನಣ್ಣ ಐದನೆಯವರು. ಆರನೆಯ ತೂಕಕ್ಕೆ ಎಲ್ಲರೂ ನನ್ನ ಕಡೆ ನೋಡಿದರು. ಬೇಡವೆಂದೆ. ನನ್ನ ಗಾತ್ರ ನೋಡಿದವರು ಬಿಡುತ್ತಾರೆಯೇ, ಹತ್ತಿಸಿದರು.

ಕೆರೆ ತಟ್ಟೆಯ ಹಾಗೆ ಶಾಂತವಾಗಿತ್ತು. ಇದರಲ್ಲಿ ಏನು ಗೊತ್ತಾಗುತ್ತದೆ ಎಂದುಕೊಂಡೆ. ಆದರೆ ಶೀನಣ್ಣ ಇನ್ನೊಂದು ಬೋಟನ್ನು ಜೊತೆಗೆ ಬಂದಿದ್ದ ನಮ್ಮ ಮೆಕ್ಯಾನಿಕ್ ಕೈಗೆ ಕೊಟ್ಟು, ಎದುರಿಗೆ ಜೋರಾಗಿ ಸುತ್ತು ಹೊಡೆಯಲು ಹೇಳಿದರು. ಅದು ಎಬ್ಬಿಸಿದ ಅಲೆಗಳಿಗೆ ಅಡ್ಡಲಾಗಿ ನಮ್ಮ ಚಪ್ಪಟೆ ಬೋಟನ್ನು ನುಗ್ಗಿಸಿದರು. ಒಂದು ಸಲವಲ್ಲ, ಹತ್ತು ಸಲ. ಪ್ರತಿ ಅಲೆಗೂ ಬೋಟು ಮೇಲೆದ್ದು ಧಡ್ಡೆಂದು ಬೀಳುತ್ತಿತ್ತು. ನಾಲಿಗೆ ಹಲ್ಲಿಗೆ ಸಿಕ್ಕಿ ಬಾಯಲ್ಲಿ ರಕ್ತ ಬಂತು, ಬೆನ್ನು ಮುರಿದೇ ಹೋಯಿತೆನ್ನಿಸಿತು. ಇದರಲ್ಲಿ ಎದೆನೋವಿನ ಮನುಷ್ಯನನ್ನು ಮಲಗಿಸಿದರೆ ಗತಿಯೇನು ಎಂಬ ಯೋಚನೆ ಬಂದದ್ದೇ, ಬೆಳಗ್ಗೆ ನಾನು ಹೇಳಿದ ಮಾತು ನೆನಪಾಯಿತು.

ಆಮೇಲೆ ಚೂಪು ತಳದ ಬೋಟಿಗೆ ಹತ್ತಿದೆವು. ಅದೇ ಆರು ಜನ, ಅಂಥವೇ ಅಲೆ. ಅದು ನಿಂತಾಗ ಆ ಕಡೆ ಈ ಕಡೆ ಓಲಾಡಿ ಹೆದರಿಸಿತು. ಆದರೆ ಓಡುವಾಗ ನೀರನ್ನು ಸೀಳಿಕೊಂಡು ಮೆತ್ತಗೆ ಇಳಿಯುತ್ತಿತ್ತು. ನೀರು ಎರಚಿ ಸೀರೆ ತೊಯ್ದುಹೋಯಿತು, ಬೆನ್ನಿಗೆ ಮಾತ್ರ ಏಟಿಲ್ಲ.

ದಡಕ್ಕೆ ಬಂದಾಗ, ಅಲ್ಲೇ ಕಾಯುತ್ತಿದ್ದ ಮಾಲೀಕರು ನನ್ನ ಪಕ್ಕ ಬಂದು, "ಅಮ್ಮಾ, ರೆಂಡೂ ಒಕಟೇ ಅನಿ ಚೆಪ್ಪಂಡಿ" ಎಂದರು. ಎರಡೂ ಒಂದೇ ಎಂದು ಹೇಳಬೇಕಂತೆ. ಶೀನಣ್ಣ ಅವರ ಕಡೆ ನೋಡಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

"ಅಕ್ಕ, ಒಂದ್ ಮಾತ್ ಕೇಳ್ತೆ. ನಿಮ್ಮನಿ ಜನ್ರನ್ನ ಈ ಚಪ್ಪಟೆ ಬೋಟಂಗೆ ಕೂರ್ಸಿ ಕಳ್ಸ್ತ್ರಿಯಾ?"

ಎಷ್ಟೋ ದಿನಗಳಿಂದ ಯಾರೂ ನನ್ನ ಮನೆಯವರ ವಿಷಯ ಎತ್ತಿರಲಿಲ್ಲ.

"ನನಗ ಯಾರೂ ಇಲ್ರಿ," ಎಂದೆ. "ಇದ್ದಿದ್ರ ಇದರಾಗ ಕಳಸ್ತಿರಲಿಲ್ಲ. ಮುಂಜಾನೆ ನಾ ಹೇಳಿದ್ದು ತಪ್ಪೈತ್ರಿ. ಇದು ಕೆರಿಗೆ ಮಾಡಿದ್ದು."

ಅವರು ಕೈ ಮುಗಿದರು. ಚೂಪು ತಳದ್ದೇ ಹೊಸದು ಬೇಕು, ಮೂರು ತಿಂಗಳು ಕಾಯುತ್ತೇವೆ ಎಂದು ಹೇಳಿ, ನನ್ನ ಫೋನ್ ನಂಬರ್ ಬರೆದುಕೊಂಡು ಹೋದರು. ಮಾಲೀಕರಿಗೆ ಕನ್ನಡ ಬಾರದಿದ್ದರೂ ನಾನು ಏನು ಹೇಳಿದೆ ಎಂದು ತಿಳಿಯದೆ ಇರುತ್ತದೆಯೇ? ಕೆಲಸವೇನೂ ಹೋಗಲಿಲ್ಲ. ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟರು. ಮನೆಯಲ್ಲಿ ಹೇಗೂ ಮೂಕಿ, ನನಗೆ ಇದೇನು ದೊಡ್ಡ ಶಿಕ್ಷೆ ಎಂದುಕೊಂಡಿದ್ದೆ. ದೊಡ್ಡ ಶಿಕ್ಷೆಯೇ ಆಗಿತ್ತು.

ಬೇಸಿಗೆಯಲ್ಲಿ ಬೋಟು ಲಾರಿ ಹತ್ತಿ ಹೋಯಿತು. ಆಮೇಲೆ ಸುದ್ದಿಯಿಲ್ಲ. ಮಳೆಗಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ, ಒಂದು ಭಾನುವಾರ ಮಧ್ಯಾಹ್ನ ಚವಳಿಕಾಯಿ ಸೋಸುತ್ತ, ನಾರು ತೆಗೆಯುತ್ತ ಕೂತಿದ್ದಾಗ ಶೀನಣ್ಣನ ಫೋನು ಬಂತು.

"ಅಕ್ಕ, ನಿನ್ನೆ ಬೋಟ್ ಹೋಯಿ ಬಂತ್. ಕಡಲ್ ಭಾರಿ ಜೋರಿತ್ತ್. ದೂರದ್ ದೋಣಿ ಎಂಜಿನ್ ಡ್ರೈವರ್‌ಗೆ ಎದಿನೋವ್. ಜೀವ ಉಳೀತ್."

ಅಷ್ಟೇ ಹೇಳಿ ಫೋನ್ ಇಟ್ಟರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಯಾರಿಗಾದರೂ ಹೇಳಬೇಕು. ಅಡುಗೆಮನೆಗೆ ಹೋದೆ, ಹೊರಗೆ ಬಂದೆ. ಎದುರು ಮನೆಗೆ ಬೀಗ. ಮನೆಯಲ್ಲಿ ಯಾರೂ ಇಲ್ಲವೆಂಬುದು ಅದುವರೆಗೆ ಅಷ್ಟು ಚುಚ್ಚಿದ್ದೇ ಇಲ್ಲ. ಕೊನೆಗೆ ಆ ನಂಬರಿಗೇ ಮತ್ತೆ ಫೋನ್ ಮಾಡಿ, "ಶೀನಣ್ಣ, ಇನ್ನೊಮ್ಮೆ ಮೊದಲಿಂದ ಹೇಳ್ರಿ" ಎಂದೆ.

ಯಾಕೆ ಎಂದು ಅವರು ಕೇಳಲಿಲ್ಲ. ದಡ ಬಿಟ್ಟಲ್ಲಿಂದ ನಿಧಾನವಾಗಿ ಶುರುಮಾಡಿದರು. ನಾನು ಹೂಂಗುಟ್ಟುತ್ತ ಕೇಳಿದೆ. ಅಂದಿನಿಂದ ಒಂಟಿತನ ಹೋಯಿತು ಎಂದು ಸುಳ್ಳು ಹೇಳುವುದಿಲ್ಲ. ಆದರೆ ಒಬ್ಬಳೇ ಊಟಕ್ಕೆ ಕೂತಾಗ, ಅಲ್ಲಿ ಬದುಕಿಬಂದ ಆ ಮನುಷ್ಯ ತನ್ನ ಮನೆಯವರ ನಡುವೆ ಉಣ್ಣುತ್ತಿದ್ದಾನೆ ಎಂಬುದು ನೆನಪಾಗುತ್ತದೆ. ಅವನಿಗೆ ನಾನು ಯಾರೆಂದು ಗೊತ್ತಿಲ್ಲ. ಆದರೂ ಆ ಹೊತ್ತಿಗೆ ಒಂದು ತುತ್ತು ಹೆಚ್ಚಿಗೆ ಸೇರುತ್ತದೆ.