ನಾನು ಒರೆಸಿದ ಕುಂಕುಮ

ಕೋಲ್ಕತ್ತಕ್ಕೆ ಬಂದ ಆರನೇ ತಿಂಗಳಲ್ಲಿ ನಾನು ಒಬ್ಬ ಮುದುಕಿಯನ್ನು ವಿಧವೆ ಮಾಡಿದೆ. ಮುದುಕಿ ಎಂದರೆ ಉದ್ದಿನ ಹಿಟ್ಟಿನ ಒಂದು ಉಂಡೆ, ನಿಂಬೆಹಣ್ಣಿನಷ್ಟೂ ದೊಡ್ಡದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಊರಲ್ಲಿ ಓದಿದವರು ಗಾಬರಿಯಾಗಿ ಅಮ್ಮನಿಗೆ ಫೋನ್ ಮಾಡಿಯಾರು. ಉಂಡೆ ಸಣ್ಣದು ನಿಜ, ಆದರೆ ಆ ದಿನ ನನಗಾದ ಹೆದರಿಕೆ ಸಣ್ಣದಾಗಿರಲಿಲ್ಲ.

ನಾವು ಕುಂದಾಪುರದವರು. ನಮ್ಮವರಿಗೆ ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ಬಂದು ಬಾರಾನಗರದ ಒಂದು ಓಣಿಯಲ್ಲಿ ಮನೆ ಹಿಡಿದೆವು. ನಮ್ಮ ಕಡೆ ಪೇಟೆಗಳಲ್ಲಿ ಮೀನು ತಿನ್ನುತ್ತೇವೆ ಅಂದರೆ ಕೆಲವರು ಬಾಡಿಗೆಗೆ ಕೊಡುವುದಿಲ್ಲ. ಇಲ್ಲಿ ಮನೆಯೊಡತಿ ಅದನ್ನು ಕೇಳಿಯೇ ನಗುತ್ತ ಕೀಲಿಕೈ ಕೊಟ್ಟರು. ಮರುವಾರ ನಾನು ಬಂಗುಡೆ ಹುಡುಕಿಕೊಂಡು ಅಲೆಯುವುದು ತಿಳಿದಾಗ ಅವರ ಮುಖ ಸಪ್ಪಗಾಯಿತು. ಹೊಳೆಮೀನಿನ ಜನರಿಗೆ ಕಡಲಿನದು ಮೀನಿನ ಲೆಕ್ಕಕ್ಕೇ ಇಲ್ಲ. ನನಗೆ ಬಂಗಾಳಿ ಬಾರದು, ಹಿಂದಿ ಅರ್ಧಂಬರ್ಧ. ಸಂಜೆ ನಮ್ಮವರು ಬರುವ ತನಕ ಯಾರ ಜೊತೆಗೂ ಒಂದು ಮಾತಿಲ್ಲ.

ಫೋನಿನಲ್ಲಿ ಎಲ್ಲವನ್ನೂ ಕೋಲ್ಕತ್ತಕ್ಕೆ ಬದಲಿಸಿಕೊಂಡೆ, ಹವಾಮಾನ ಒಂದನ್ನು ಬಿಟ್ಟು. ಅದರಲ್ಲಿ ಕುಂದಾಪುರವೇ ಉಳಿಯಿತು. ದಿನಾ ಬೆಳಿಗ್ಗೆ ಎದ್ದು ಅದನ್ನು ನೋಡಿ ಅಮ್ಮನಿಗೆ ಫೋನ್ ಮಾಡುತ್ತಿದ್ದೆ. “ಮಧ್ಯಾಹ್ನ ಮಳಿ ಉಂಟಂಬ್ರ್, ಬಟ್ಟಿ ಒಳಗ್ ಹಾಕ್, ಚಂಡಿ ಆತ್ತ್.” ಚಂಡಿ ಅಂದರೆ ನಮ್ಮ ಕಡೆ ಒದ್ದೆ. ಇಲ್ಲಿ ಕೂತು ಅಲ್ಲಿಯ ಬಟ್ಟೆ ಒಣಗಿಸುವವಳು ಎಂದು ನಮ್ಮವರು ಗೇಲಿ ಮಾಡುತ್ತಿದ್ದರು. ಮಾಡಲಿ. ಬೆಳಗಿನ ಆ ಫೋನ್ ಇಲ್ಲದಿದ್ದರೆ ನನಗೆ ದಿನ ಶುರುವಾಗುತ್ತಲೇ ಇರಲಿಲ್ಲ.

ಊರಲ್ಲಿ ನಾನು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದೆ. ಯಕ್ಷಗಾನದ್ದು, ಗೃಹಪ್ರವೇಶದ್ದು, ಕ್ರಿಕೆಟ್ ಟೂರ್ನಮೆಂಟಿನದ್ದು. ಹೆಸರು ತಪ್ಪಾದರೆ ಆಸಾಮಿಯೇ ಬಂದು ಎದುರು ನಿಂತು ಬೈಯುತ್ತಿದ್ದ, ಬೈದು ಚಹಾ ಕುಡಿದು ಹೋಗುತ್ತಿದ್ದ. ಇಲ್ಲಿ ಅಂಥ ಕೆಲಸಕ್ಕೆ ಬಂಗಾಳಿ ಬೇಕು. ಹಾಗಾಗಿ ಆನ್‌ಲೈನಿನಲ್ಲಿ ಒಂದು ತರಬೇತಿಗೆ ಸೇರಿದೆ: ಬೇರೆಯವರ ವ್ಯಾಪಾರದ ಸೋಶಿಯಲ್ ಮೀಡಿಯಾ ಪೇಜ್ ನಡೆಸಿಕೊಡುವುದು. ತಿಂಗಳಿಗೆ ಮೊದಲೇ ಯಾವ ದಿನ ಏನು ಹಾಕಬೇಕೆಂದು ಬರೆದಿಡುವುದು, ನಾವು ನಿದ್ದೆಯಲ್ಲಿದ್ದರೂ ಹೇಳಿದ ಹೊತ್ತಿಗೆ ಪೋಸ್ಟ್ ಹೋಗುವಂತೆ ಶೆಡ್ಯೂಲ್ ಮಾಡುವುದು, ಫೋಟೋದಲ್ಲಿ ಬೇಡದ್ದನ್ನು ಬೆರಳಿನಿಂದ ಒರೆಸಿ ತೆಗೆಯುವುದು, ಬಂದ ಕಮೆಂಟಿಗೆ ತಡಮಾಡದೆ ಉತ್ತರ ಕೊಡುವುದು. ಅನುವಾದದ ಆ್ಯಪ್ ಇದ್ದರೆ ಭಾಷೆಯ ಚಿಂತೆ ಬೇಡ ಎಂದು ಕಲಿಸುವವರು ಹೇಳಿದರು. ನಾನೂ ನಂಬಿದೆ.

ಸಾಲ್ಟ್ ಲೇಕಿನ ಒಂದು ಸಣ್ಣ ಕಂಪನಿ ನನ್ನನ್ನು ಪರೀಕ್ಷೆಗೆಂದು ತೆಗೆದುಕೊಂಡಿತು. ಮೇಲ್ವಿಚಾರಣೆಗೆ ಸುಚೇತಾ ಮೇಡಂ. ಅವರ ಮಾತು ನೇರ: “ಒಬ್ಬ ಕ್ಲೈಂಟನ್ನು ಮೂರು ತಿಂಗಳು ಉಳಿಸಿಕೊಳ್ಳಿ, ಕೆಲಸ ನಿಮ್ಮದು.” ಕ್ಲೈಂಟ್ ಎಂದರೆ ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ, ಹೊಳೆಯ ಘಾಟಿನ ಬಳಿ ಇದ್ದ ಶಿಖಾ ಬೌದಿ. ಬೌದಿ ಎಂದರೆ ಅತ್ತಿಗೆ. ಇಲ್ಲಿ ತುಸು ಹಿರಿಯ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ. ಬೌದಿ ಮತ್ತು ಅವರ ಅತ್ತೆ ಸೇರಿ ಬೊಡಿ ಮಾಡಿ ಮಾರುತ್ತಾರೆ. ಬೊಡಿ ನಮ್ಮ ಸಂಡಿಗೆಯ ಬಂಧು. ಉದ್ದಿನ ಬೇಳೆ ರುಬ್ಬಿ, ಕೈಯಲ್ಲಿ ಚೆನ್ನಾಗಿ ಬಡಿದು, ಬಿಳಿ ಬಟ್ಟೆಯ ಮೇಲೆ ಇಟ್ಟು ಚಳಿಗಾಲದ ಬಿಸಿಲಲ್ಲಿ ಒಣಗಿಸಿ, ಆಮೇಲೆ ಪಲ್ಯಕ್ಕೂ ಸಾರಿಗೂ ಹುರಿದು ಹಾಕುತ್ತಾರೆ.

ಪೇಜಿನಲ್ಲಿ ನಾನು ಬೌದಿಯಾಗಿ ಬರೆಯಬೇಕಿತ್ತು. “ನಮ್ಮ ತಾರಸಿ, ನಮ್ಮ ಅತ್ತೆಯ ಕೈ, ನಮ್ಮ ಪಾಡಾ” ಎಂದೆಲ್ಲ. ಪಾಡಾ ಎಂದರೆ ಕೇರಿ. ಯಾರದೋ ಮನೆಗೆ ಹಿಂಬಾಗಿಲಿನಿಂದ ನುಗ್ಗಿ ಊಟಕ್ಕೆ ಕೂತ ಹಾಗೆ ಅನಿಸುತ್ತಿತ್ತು. ಆದರೂ ಜನ ಮೆಚ್ಚುತ್ತಿದ್ದರು, ಆರ್ಡರ್ ಬರುತ್ತಿತ್ತು. ಈ ಊರಿನಲ್ಲಿ ನನ್ನದು ಅನ್ನುವಂಥದ್ದು ಅದೊಂದೇ ಇತ್ತು.

ಡಿಸೆಂಬರಿನಲ್ಲಿ ಬೌದಿ ಆ ಚಳಿಗಾಲದ ಮೊದಲ ಬೊಡಿಯ ಫೋಟೋ ಕಳಿಸಿದರು. ಸಾಲು ಸಾಲು ಬೆಳ್ಳಗೆ ಚೆಂದ. ಮೂಲೆಯಲ್ಲಿ ಮಾತ್ರ ಎರಡು ದೊಡ್ಡ ಉಂಡೆಗಳು, ಒಂದರ ಮೇಲೆ ಕೆಂಪಗೆ ಏನೋ ಮೆತ್ತಿಕೊಂಡಿದೆ, ಎರಡರ ಮೇಲೂ ಹುಲ್ಲಿನ ಎಸಳು. ತಿನ್ನುವ ವಸ್ತುವಿನ ಫೋಟೋದಲ್ಲಿ ಕಲೆ ಇರಕೂಡದು ಎಂದು ತರಬೇತಿಯಲ್ಲಿ ಕಲಿಸಿದ್ದರು. ಬೆರಳು ಎಳೆದೆ, ಕೆಂಪು ಹೋಯಿತು. ಇನ್ನೊಮ್ಮೆ ಎಳೆದೆ, ಹುಲ್ಲೂ ಹೋಯಿತು. ನನ್ನ ಕೈಚಳಕಕ್ಕೆ ನಾನೇ ಬೀಗಿ, ಒಪ್ಪಿಗೆಗೆಂದು ಬೌದಿಗೆ ಕಳಿಸಿದೆ. ಆಗ ಅವರ ಯಜಮಾನರಿಗೆ ಹೃದಯದ ಆಪರೇಷನ್ ಆಗಬೇಕೆಂದು ಗೊತ್ತಾಗಿತ್ತು. ಆಸ್ಪತ್ರೆಯ ಓಡಾಟದ ನಡುವೆ ಬೌದಿ ಸರಿಯಾಗಿ ನೋಡದೆ ಹೆಬ್ಬೆರಳಿನ ಗುರುತು ಒತ್ತಿದರು. ನಾನು ಶೆಡ್ಯೂಲ್ ಮಾಡಿ ಮಲಗಿದೆ.

ಎರಡು ದಿನದ ಮೇಲೆ ಬೆಳಿಗ್ಗೆ ಪೋಸ್ಟ್ ತಾನಾಗಿ ಹೋಯಿತು. ಚಹಾ ಕುದಿಯುವಷ್ಟರಲ್ಲಿ ಫೋನ್ ಒಂದೇ ಸಮನೆ ನಡುಗತೊಡಗಿತು. ಮೊದಲ ಕಮೆಂಟನ್ನು ಅನುವಾದಕ್ಕೆ ಹಾಕಿದೆ: “ನೀವು ಅಜ್ಜಿಯನ್ನು ವಿಧವೆ ಮಾಡಿದ್ದೀರಿ.” ಆ್ಯಪ್ ಕೆಟ್ಟಿದೆ ಅಂದುಕೊಂಡೆ. ಎರಡನೆಯದು ಬಿಡಿಸಿ ಹೇಳಿತ್ತು: ಬೊಡಿ ಇಡುವಾಗ ಮೊದಲ ಜೋಡಿ ಬುಡೋ-ಬುಡಿ, ಅಂದರೆ ಅಜ್ಜ-ಅಜ್ಜಿ. ಅಜ್ಜಿಗೆ ಕುಂಕುಮ ಇಟ್ಟು, ಇಬ್ಬರಿಗೂ ಗರಿಕೆ ಏರಿಸಿದ ಮೇಲೆಯೇ ಉಳಿದ ಬೊಡಿ. ಮೂರನೆಯದು: “ಈ ಪೇಜ್ ನಡೆಸುತ್ತಿರುವವರು ಈ ಮನೆಯವರೇ ಅಲ್ಲ.”

ಒಲೆ ಆರಿಸಿದೆ. ಬೌದಿ ಫೋನ್ ಎತ್ತಲಿಲ್ಲ. ಸುಚೇತಾ ಮೇಡಂಗೆ ಮಾಡಿದೆ, ಅವರು ಎತ್ತಿದರು. “ಈಗಲೇ ಹೋಗಿ ಅವರನ್ನು ಕಾಣಿ. ಅವರು ನಮ್ಮನ್ನು ಬಿಟ್ಟರೆ ನಾನು ನಿಮ್ಮನ್ನು ಇಟ್ಟುಕೊಳ್ಳಲಾರೆ.” ನಮ್ಮವರು ಶೂ ಹಾಕಿಕೊಳ್ಳುತ್ತ, “ಒಂದ್ ಉಂಡಿಗೆ ಇಷ್ಟ್ ಹೆದ್ರುದಾ?” ಅಂದರು. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಬೌದಿಯ ಮನೆಯಲ್ಲಿ ಅವರ ಅತ್ತೆ ಒಬ್ಬರೇ ಇದ್ದರು. ಅವರನ್ನು ನಾನು ಮಾಶಿಮಾ ಅನ್ನುತ್ತೇನೆ, ನಮ್ಮಲ್ಲಿ ಚಿಕ್ಕಮ್ಮ ಎಂದ ಹಾಗೆ. ಗಂಡ ತೀರಿಹೋಗಿ ವರ್ಷಗಳಾದವು. ಬಿಳಿ ಸೀರೆ, ಬರಿಗೈ. ತಾರಸಿಯ ಮೇಲೆ ಬಟ್ಟೆ ಹಾಸಿತ್ತು, ಪಾತ್ರೆಯ ತುಂಬ ಹಿಟ್ಟಿತ್ತು, ಒಂದು ಬೊಡಿಯೂ ಇಟ್ಟಿರಲಿಲ್ಲ.

“ಆಪರೇಷನ್ ಇವತ್ತೇ ಅಂತ ಫೋನ್ ಬಂತು, ಬೌಮಾ. ಮಗ, ಶಿಖಾ ಇಬ್ಬರೂ ಕತ್ತಲಲ್ಲೇ ಹೋದರು.” ಬೌಮಾ ಎಂದರೆ ಸೊಸೆ, ಕೇರಿಯ ಮದುವೆಯಾದ ಹೆಣ್ಣುಮಕ್ಕಳೆಲ್ಲ ಅವರಿಗೆ ಸೊಸೆಯರೇ. ಮಗ ಆಪರೇಷನ್ ಕೋಣೆಯಲ್ಲಿ, ನಾನು ಅದೇ ಬೆಳಿಗ್ಗೆ ಕುಂಕುಮ ಒರೆಸಿದ ಫೋಟೋ ಊರಿಗೆಲ್ಲ ತೋರಿಸಿದ್ದೇನೆ. ಇಂಥದ್ದನ್ನೆಲ್ಲ ನಂಬುವವಳಲ್ಲ ಎಂದು ಊರಲ್ಲಿ ಹೇಳಿಕೊಂಡು ತಿರುಗಿದವಳು ನಾನೇ. ಆ ತಾರಸಿಯ ಮೇಲೆ ಮನಸ್ಸಿನಲ್ಲೇ ಊರ ದೇವರಿಗೆ ಕೈ ಮುಗಿದೆ.

“ಹಿಟ್ಟು ಹುಳಿ ಬರುತ್ತಿದೆ,” ಅಂದರು ಮಾಶಿಮಾ ಅವರ ಬಂಗಾಳಿ ಬೆರೆತ ಹಿಂದಿಯಲ್ಲಿ. “ಇಂಥ ದಿನ ಚೆಲ್ಲಬಾರದು. ಮೊದಲ ಜೋಡಿ ನಾನು ಇಡುವ ಹಾಗಿಲ್ಲ. ನೀನು ಬಂದದ್ದು ಒಳ್ಳೆಯದಾಯಿತು.”

ಆ ಮಾತಿಗೆ ನನಗೆ ಸಿಟ್ಟೂ ಬಂತು. ನಮ್ಮ ಊರಲ್ಲೂ ವಿಧವೆಯಾದ ಅತ್ತೆಯೊಬ್ಬರನ್ನು ಮದುವೆ ಮನೆಯಲ್ಲಿ ಹೀಗೇ ಮೂಲೆಗೆ ಕೂರಿಸಿದ್ದನ್ನು ನೋಡಿದ್ದೇನೆ. ವಾದ ಮಾಡುವಷ್ಟು ಭಾಷೆ ನನ್ನಲ್ಲಿರಲಿಲ್ಲ, ಆ ಹೊತ್ತೂ ಅದಲ್ಲ. ಆದರೆ ಹೇಳದೆ ಆ ಹಿಟ್ಟಿಗೆ ಕೈ ಹಾಕುವುದು ನನ್ನಿಂದ ಆಗಲಿಲ್ಲ. ಫೋನ್ ತೆಗೆದು ಫೋಟೋ ತೋರಿಸಿದೆ. “ಮಾಶಿಮಾ, ಕಲೆ ಅಂದುಕೊಂಡೆ. ಒರೆಸಿದ್ದು ನಾನು.”

ಅವರು ಫೋನನ್ನು ದೂರ ಹಿಡಿದು ಬಹಳ ಹೊತ್ತು ನೋಡಿದರು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ.

“ಮುಛೇ ದಿಯೇಛೋ? ತಾಹೋಲೇ ಆಬಾರ್ ಪೊರಾವ್.” ಒರೆಸಿದೆಯಾ? ಹಾಗಾದರೆ ಮತ್ತೆ ಇಡು.

ಇಟ್ಟೆ. ಅಜ್ಜ ಒಂದು ಕಡೆಗೆ ವಾಲಿದ, ಅಜ್ಜಿ ಚಪ್ಪಟೆಯಾದಳು. ಹಿಟ್ಟಿನ ವಾಸನೆ ನಮ್ಮ ಮನೆಯ ಇಡ್ಲಿ ಹಿಟ್ಟಿನದೇ. ಮೂಗಿಗೆ ಬಡಿದ ಕೂಡಲೇ ಅಳು ಬಂತು. ಅಜ್ಜಿಯ ನೆತ್ತಿಗೆ ಬೆರಳ ತುದಿಯಿಂದ ಕುಂಕುಮ ಇಟ್ಟೆ, ಗರಿಕೆ ಏರಿಸಿದೆ. ಆಮೇಲೆ ಮಾಶಿಮಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು ಉಳಿದ ಬೊಡಿಯನ್ನು ಸಾಲಾಗಿ ಇಡತೊಡಗಿದರು. ಎಲ್ಲ ಇಟ್ಟು ಮುಗಿದ ಮೇಲೆ ಅವರು ಹೊಳೆಯ ಕಡೆ ನೋಡುತ್ತ ಕೂತರು, ನಾನು ಆಕಾಶ ನೋಡುತ್ತ. ಇವತ್ತು ಮೋಡ ಬಂದರೆ ಏನು ಗತಿ ಅನಿಸಿತು. ಫೋನಿನ ಹವಾಮಾನದ ಪುಟ ತೆರೆದು ಮೊದಲ ಸಲ ಬಾರಾನಗರ ಎಂದು ಒತ್ತಿದೆ. ಬಿಸಿಲೇ ಇತ್ತು. ಆದರೂ ಮತ್ತೆ ಮತ್ತೆ ನೋಡಿದೆ.

ಮಧ್ಯಾಹ್ನ ದಾಟಿದ ಮೇಲೆ ಬೌದಿಯ ಫೋನ್ ಬಂತು. ಆಪರೇಷನ್ ಆಯಿತು, ಡಾಕ್ಟರು ಒಳ್ಳೆಯ ಮಾತು ಹೇಳಿದರು. ಮಾಶಿಮಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಫೋನ್ ನನ್ನ ಕೈಗಿತ್ತರು.

“ಬೌದಿ, ಆ ಫೋಟೋ...”

“ನೋಡಿದೆ. ಆಸ್ಪತ್ರೆಯಲ್ಲಿ ನಾದಿನಿ ತೋರಿಸಿದಳು. ಎಷ್ಟು ಸಿಟ್ಟು ಬಂತು ಗೊತ್ತಾ? ಈಗಲೂ ಇದೆ.” ಆಮೇಲೆ ಕೇಳಿದರು, “ಇವತ್ತಿನ ಬೊಡಿ?”

“ಇಟ್ಟಿದ್ದೇವೆ.”

“ಮೊದಲ ಜೋಡಿ ಯಾರು?”

“ನಾನು.”

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. “ಹಾಗಾದರೆ ಅದರ ಫೋಟೋ ಹಾಕು. ಇನ್ನು ಮುಂದೆ ಒರೆಸುವ ಮೊದಲು ನನ್ನನ್ನು ಕೇಳು.” ಇನ್ನು ಮುಂದೆ ಎಂಬ ಮಾತನ್ನು ಹಾಗೇ ಹಿಡಿದುಕೊಂಡು ಮೇಡಂಗೆ ಫೋನ್ ಮಾಡಿ ಹೇಳಿದೆ.

ಹಳೆಯ ಪೋಸ್ಟಿನ ಕೆಳಗೆ ತಪ್ಪಾಯಿತು ಎಂದು ಬರೆದು ಹೊಸ ಫೋಟೋ ಏರಿಸಿದೆ. ಆ್ಯಪ್ ತಾನಾಗಿಯೇ ಕೆಂಪಿನ ಸುತ್ತ ಗೆರೆ ಹಾಕಿ, ತೆಗೆಯಲೇ ಎಂದು ಕೇಳಿತು. ಬೇಡ ಎಂದು ಒತ್ತಿದೆ.

ಬಿಸಿಲು ಇಳಿದು ಬೊಡಿಯನ್ನು ಒಳಗಿಟ್ಟು ಮನೆಗೆ ಬರುವ ದಾರಿಯಲ್ಲಿ ಅಮ್ಮನ ಫೋನ್. ನನಗೆ ತಡೆಯಲಾಗಲಿಲ್ಲ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಮ್ಮ ನಕ್ಕಳು. “ನಮ್ಮನಿ ಹಪ್ಪಳಕ್ಕೆ ಒಂದ್ ದಿನೂ ಕೈ ಹಾಕ್ದಿದ್ದವಳ್, ಅಲ್ ಹೋಯಿ ಅವ್ರ್ ಸಂಡ್ಗಿಗೆ ಕುಂಕುಮ ಇಟ್ಯಾ?” ನಾನೂ ನಕ್ಕೆ. ನಾಳೆಯೂ ಬಿಸಿಲು ಇರುತ್ತದಂತೆ, ಇನ್ನು ಎರಡು ದಿನ ಒಣಗಿದರೆ ಸಾಕು ಎಂದೆಲ್ಲ ಹೇಳುತ್ತಲೇ ಇದ್ದೆ.

ಅಮ್ಮ ಹೂಂಗುಟ್ಟುತ್ತ ಕೇಳಿದಳು. ಆಮೇಲೆ ಮೆಲ್ಲಗೆ ಅಂದಳು:

“ಇವತ್ತ್ ಇಲ್ ಮಳಿ ಬಂತ್. ನೀ ಹೇಳ್ಲೇ ಇಲ್ಲೆ. ಬಟ್ಟಿ ಎಲ್ಲ ಚಂಡಿ ಆಯ್ತ್.”