ಇಂಜೆಕ್ಟರಿಗೆ ಹಾಕಿದ ತೂತಿನ ಕಾಸು

ದೆವ್ವ, ಪವಾಡ ಎಂದರೆ ನಾನು ನಗುತ್ತಿದ್ದವನು. ಇಂಜಿನ್ ಕೆಟ್ಟರೆ ಕಾರಣ ಇದ್ದೇ ಇರುತ್ತದೆ, ಹುಡುಕುವ ಕೈ ಬೇಕು ಅಷ್ಟೇ ಎಂದು ವಾದಿಸುತ್ತಿದ್ದೆ. ಆ ಕೈ ನನ್ನದು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ರೇಷ್ಮೆಗೆ ಒಳ್ಳೆಯ ಕಾಲ ಬಂದು ಮಾಗಡಿ, ಕನಕಪುರ, ಚನ್ನಪಟ್ಟಣದ ಊರೂರಿಂದ ಗೂಡು ರಾಮನಗರದ ಮಾರ್ಕೆಟ್ಟಿಗೆ ಬರುತ್ತಿದ್ದ ವರ್ಷಗಳವು. ನನ್ನ ಡೀಸೆಲ್ ವ್ಯಾನಿನಲ್ಲಿ ಹೇರಿದ ಗೂಡು ಒಂದು ದಿನವೂ ಹರಾಜು ತಪ್ಪಿಸಿಕೊಂಡದ್ದಿಲ್ಲ. ಓಡಿಸುವವನೂ ನಾನೇ, ರಿಪೇರಿ ಮಾಡುವವನೂ ನಾನೇ.

ಅಂದು ಬೆಳಿಗ್ಗೆ ಸಾವನದುರ್ಗದ ಕಡೆಯ ಹಳ್ಳಿಯಿಂದ ಕೆಂಪಮ್ಮ ಎಂಬ ರೈತ ಹೆಂಗಸನ್ನೂ ಅವಳ ಗೂಡನ್ನೂ ಹತ್ತಿಸಿಕೊಂಡು ಹೊರಟಿದ್ದೆ. ಗೂಡು ಬಿಡಿಸುವುದೇ ತಡವಾಗಿತ್ತು. ಇನ್ನೊಂದು ದಿನ ಕಳೆದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ಆಮೇಲೆ ನೂಲು ತೆಗೆಯಲು ಬಾರದು. ಬೆಟ್ಟದ ಬುಡ ದಾಟುವಷ್ಟರಲ್ಲಿ ಇಂಜಿನ್ ಚುಸ್ ಚುಸ್ ಎನ್ನತೊಡಗಿತು, ಒಳಗೆಲ್ಲ ಹೊಗೆಯ ವಾಸನೆ. ನೋಡಿದರೆ ಇಂಜಿನ್ನಿನೊಳಕ್ಕೆ ಡೀಸೆಲ್ ಚಿಮ್ಮಿಸುವ ಒಂದು ಇಂಜೆಕ್ಟರಿನ ಬುಡದಲ್ಲಿ ಟಾರಿನಂಥ ಕಪ್ಪು ಮಸಿ. ಬಿಚ್ಚಿದೆ. ಅದರ ಕೆಳಗಿನ ತಾಮ್ರದ ವಾಶರ್ ಸೀಳಿಹೋಗಿತ್ತು. ಒಳಗಿನ ಒತ್ತಡ ಹೊರಗೆ ನುಗ್ಗದಂತೆ ತಡೆಯುವುದು ಆ ಪುಟ್ಟ ಬಳೆಯೇ, ಅದಿಲ್ಲದೆ ಗಾಡಿ ಏರು ಹತ್ತದು. ನನ್ನ ಡಬ್ಬಿಯಲ್ಲಿ ಇನ್ನೊಂದು ಇರಲಿಲ್ಲ.

"ಅಣ್ಣ, ಇವತ್ತು ಮಾರ್ಕೆಟ್ ತಪ್ಪೋದ್ರೆ ನನ್ ಬೆಳೆ ಹೋದಂಗೇ ಕಣಣ್ಣ," ಎಂದು ಕೆಂಪಮ್ಮ ಕಣ್ಣೀರು ಹಾಕಿದಳು.

ಕುರಿ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದು ನಿಂತಿದ್ದಳು. ಅವಳ ಕೊರಳಿನ ಕರಿದಾರದಲ್ಲಿ ಒಂದು ತಾಮ್ರದ ತೂತಿನ ಕಾಸು. ಹಿಂದೆ ಮಕ್ಕಳ ಉಡುದಾರಕ್ಕೆ ಕಟ್ಟುತ್ತಿದ್ದರಲ್ಲ, ಅದೇ. ನೋಡಿದ ಕೂಡಲೇ ಅಳತೆ ನನ್ನ ಕಣ್ಣಿಗೆ ಕೂತುಬಿಟ್ಟಿತು. ನಾಚಿಕೆ ಬಿಟ್ಟು ಕೇಳಿದೆ.

"ನನ್ ಮೊದಲ್ನೇ ಮಗೀಂದು ಕಣಪ್ಪ ಇದು. ಮಗ ಉಳೀನಿಲ್ಲ," ಎಂದಳು. ಅಳುತ್ತಿದ್ದ ಕೆಂಪಮ್ಮನ ಮುಖ ನೋಡಿ ದಾರ ಬಿಚ್ಚಿದಳು. "ತಿರುಗಿ ತಂದ್ಕೊಡ್ತೀಯಾ?"

"ಸಂಜೆ ಕುರಿ ಹಟ್ಟಿಗೆ ಸೇರೋ ಹೊತ್ಗೆ ತಂದ್ಕೊಡ್ತೀನಿ ಕಣವ್ವಾ," ಎಂದು ಮಾತು ಕೊಟ್ಟೆ.

ಅಂಚನ್ನು ಅರದಿಂದ ಉಜ್ಜಿ, ಪುಳ್ಳೆ ಬೆಂಕಿಯಲ್ಲಿ ಕಾಸನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಹಾಗೆ ಮಾಡಿದರೆ ಮೆತ್ತಗಾಗಿ ಚೆನ್ನಾಗಿ ಕೂರುತ್ತದೆ. ಇಂಜೆಕ್ಟರ್ ಬಿಗಿದು ಸ್ಟಾರ್ಟ್ ಮಾಡಿದರೆ ಚುಸ್ ಇಲ್ಲ, ಹೊಗೆ ಇಲ್ಲ! ಹರಾಜಿಗೆ ಮುಂಚೆಯೇ ತಲುಪಿದೆವು. ಸುದ್ದಿ ತಿಳಿದು ಗೂಡು ಕೊಂಡು ನೂಲು ತೆಗೆಯುವ ಸಾಹೇಬರೆಲ್ಲ ಬಂದು ಇಂಜಿನ್ ಇಣುಕಿ ಭೇಷ್ ಎಂದರು. ನಾನು ಎದೆಯುಬ್ಬಿಸಿ ನಿಂತಿದ್ದೆ.

ಆದರೆ ವಾಪಸು ಹೋಗಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಳಿಜ್ವರ ಹಿಡಿಯಿತು. ವ್ಯಾನನ್ನು ಮನೆಯ ಶೆಡ್ಡಿಗೆ ಬಿಟ್ಟು, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗಿದವನು ಮರುದಿನ ಬೆಳಗಿನವರೆಗೆ ಏಳಲಿಲ್ಲ. ಹೆಂಡತಿ ಪಕ್ಕ ಬಿಟ್ಟು ಕದಲಿರಲಿಲ್ಲ. ಎದ್ದವನೇ ಹೊಸ ವಾಶರ್ ತರಿಸಿ, ಕಾಸು ತೆಗೆಯಲು ಇಂಜೆಕ್ಟರ್ ಬಿಚ್ಚಿದೆ.

ಕೆಳಗೆ ಕಾಸೇ ಇರಲಿಲ್ಲ. ನಾನು ಬಿಗಿದ ನಟ್ಟು ಬಿಗಿದಂತೆಯೇ ಇತ್ತು. ನೆಲವನ್ನೆಲ್ಲ ಗುಡಿಸಿ ಹುಡುಕಿದೆ, ಸಿಗಲಿಲ್ಲ.

ಕ್ಷಮೆ ಕೇಳೋಣವೆಂದು ಮುಖ ಸಣ್ಣದು ಮಾಡಿಕೊಂಡು ಮುದುಕಿಯ ಹಟ್ಟಿಗೆ ಹೋದೆ. ಕಾಸು ಅವಳ ಕೊರಳಲ್ಲಿತ್ತು. ಅಂಚಿನಲ್ಲಿ ನನ್ನ ಅರದ ಗೀರು, ತೂತಿನ ಸುತ್ತ ಇಂಜೆಕ್ಟರ್ ಒತ್ತಿದ ದುಂಡನೆಯ ಗುರುತು.

"ನಿನ್ನೆ ಸಂಜೇಲೇ ನೀನೇ ಬಂದು ಕೊಟ್ಟೋದೆಯಲ್ಲಪ್ಪ," ಎಂದು ಅವಳು ನಕ್ಕಳು. "ಇನ್ನೂ ಸುಡ್ತಿತ್ತು, ಸೆರಗ್ನಲ್ಲಿ ಇಸ್ಕೊಂಡೆ." ಸೆರಗು ಬಿಡಿಸಿ ತೋರಿಸಿದಳು. ಕಾಸಿನಗಲ ಬಟ್ಟೆ ಕಂದಿತ್ತು.

ಜ್ವರದ ಮಂಪರಿನಲ್ಲಿ ಎದ್ದು ಹೋಗಿದ್ದೆನೇ? ಅಷ್ಟು ದೂರ ಹೇಗೆ ಹೋದೆ, ಹೆಂಡತಿಗೆ ಯಾಕೆ ಕಾಣಲಿಲ್ಲ? ಯೋಚಿಸಿ ಯೋಚಿಸಿ ಸೋತಿದ್ದೇನೆ. ಕೊಟ್ಟ ಮಾತಿಗೆ ತಪ್ಪದ ಮನುಷ್ಯ ಎಂದು ಮುದುಕಿ ಇರುವವರೆಗೂ ನನ್ನನ್ನು ಕಂಡಕಂಡವರ ಮುಂದೆ ಹೊಗಳಿದಳು. ನನ್ನ ಕೆಲಸವನ್ನು ಯಾರು ಹೊಗಳಿದರೂ ಹೌದು ಎನ್ನುವವನು ನಾನು. ಆ ಹೊಗಳಿಕೆಯೊಂದಕ್ಕೆ ಮಾತ್ರ ಹೌದು ಎನ್ನಲು ನಾಲಿಗೆ ಏಳುವುದಿಲ್ಲ. ಅದು ಯಾರಿಗೆ ಸೇರಬೇಕಾದದ್ದೋ ನನಗೆ ಇಂದಿಗೂ ಗೊತ್ತಿಲ್ಲ.